ಗಂಧದೆಣ್ಣೆಯ ಕೈಗಾರಿಕೆ: ಕೋಠಿಯಿಂದ ಕಾರ್ಖಾನೆಗೆ

ಹಳ್ಳಿಮೈಸೂರು, ಅರಕಲಗೂಡು ಕಡೆಯಿಂದ ಹಾಸನಕ್ಕೆ ಬಂದು ಹೋಗುವವರಿಗೆ ಗಂಧದಕೋಠಿ ಗೊತ್ತು. ಈಗ ಅಲ್ಲಿ ಮಕ್ಕಳು ಓದುತ್ತಾರೆ. ಹಿಂದೆ ಅದು ಸರ್ಕಾರ ಶ್ರೀಗಂಧ ಕೂಡಿಡುತ್ತಿದ್ದ ಜಾಗ.

1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜಮರವೆಂದು ಸಾರಿದ. ಮುಂದೆ ಒಡೆಯರಾಗಲಿ, ಬ್ರಿಟಿಷ್ ಕಮಿಷನರುಗಳಾಗಲಿ ಆ ಹಕ್ಕನ್ನು ಬಿಟ್ಟುಕೊಡಲಿಲ್ಲ. ಮರ ಯಾರ ಹೊಲದಲ್ಲೇ ಹುಟ್ಟಲಿ, ಒಡೆತನ ಸರ್ಕಾರದ್ದಾಗಿತ್ತು. ಇಷ್ಟಾದರೂ ಸರ್ಕಾರ ಮಾಡುತ್ತಿದ್ದುದು ಕೊರಡುಗಳ ಹರಾಜು ಮಾತ್ರ. ಎಣ್ಣೆ ತೆಗೆಯುತ್ತಿದ್ದುದು ಯುರೋಪಿನಲ್ಲಿ, ಅದರಲ್ಲೂ ಜರ್ಮನಿಯಲ್ಲಿ.

1914ರಲ್ಲಿ ಮಹಾಯುದ್ಧ ಶುರುವಾಯಿತು. ಜರ್ಮನಿಯ ಮಾರುಕಟ್ಟೆಗೆ ಬಾಗಿಲು ಬಿತ್ತು. ದಿವಾನ್ ವಿಶ್ವೇಶ್ವರಯ್ಯನವರ ಸರ್ಕಾರ ಎಣ್ಣೆಯನ್ನು ಇಲ್ಲೇ ತೆಗೆಯಲು ನಿರ್ಧರಿಸಿತು. ಕೈಗಾರಿಕಾ ಇಲಾಖೆಯ ಆಲ್ಫ್ರೆಡ್ ಚಾಟರ್‌ಟನ್, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ರಸಾಯನಶಾಸ್ತ್ರಜ್ಞರಾದ ಸಡ್‌ಬರೋ, ವಾಟ್ಸನ್ ಈ ಕೆಲಸಕ್ಕೆ ಕೈಹಾಕಿದರು. 1916ರಲ್ಲಿ ಬೆಂಗಳೂರಿನಲ್ಲಿ, 1917ರಲ್ಲಿ ಮೈಸೂರಿನಲ್ಲಿ ಕಾರ್ಖಾನೆ ಎದ್ದಿತು. ಇಂಗ್ಲೆಂಡಿನಲ್ಲಿ ಕಲಿತು ಬಂದ ಎಸ್. ಜಿ. ಶಾಸ್ತ್ರಿಗಳ ಕೈಯಲ್ಲಿ ಆ ಎಣ್ಣೆ ಮೈಸೂರು ಸ್ಯಾಂಡಲ್ ಸೋಪಾಯಿತು.

ಎಣ್ಣೆ ಇರುವುದು ಚೇಗಿನಲ್ಲಿ, ಬೇರಿನಲ್ಲಿ. ಅದಕ್ಕೇ ಗಂಧದ ಮರವನ್ನು ಬುಡಕ್ಕೆ ಕಡಿಯದೆ ಬೇರುಸಹಿತ ಕೀಳುತ್ತಾರೆ. ತೊಗಟೆ, ಬಿಳಿಮರ ಕೆತ್ತಿ, ಚೇಗನ್ನು ಪುಡಿ ಮಾಡಿ, ಅದರೊಳಗೆ ಹಬೆ ಹಾಯಿಸುತ್ತಾರೆ. ಹಬೆ ತಣಿದಾಗ ಎಣ್ಣೆ ನೀರಿನಿಂದ ಬೇರೆಯಾಗುತ್ತದೆ.

ಈ ವಿದ್ಯೆ ನಮ್ಮದಾಯಿತು, ಆದರೆ ಮರ ಬೆಳೆಸುವವನನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮರ ಕಳವಾದರೆ ಉತ್ತರ ಹೇಳಬೇಕಾಗಿದ್ದವನು ಹೊಲದವನು. ಹಾಗಾಗಿ ಬದುವಿನಲ್ಲಿ ತಾನೇ ಹುಟ್ಟಿದ ಸಸಿಯನ್ನೂ ಕಿತ್ತೆಸೆಯುವ ರೂಢಿ ಬಂತು. ಕಾಡಿನ ಮರ ಕಳ್ಳರ ಪಾಲಾಯಿತು. ಕಾರ್ಖಾನೆಗೆ ಕೊರಡಿನ ಬರ ಬಂತು. ಆಸ್ಟ್ರೇಲಿಯಾದವರು ಇದೇ ಜಾತಿಯ ಗಂಧವನ್ನು ತೋಟವಾಗಿ ಬೆಳೆಸಿ ಪೈಪೋಟಿಗೆ ಇಳಿದರು. 2001ರಲ್ಲಿ ಕರ್ನಾಟಕ ಕಾನೂನು ತಿದ್ದಿ, ಹೊಲದ ಮಾಲೀಕನನ್ನೇ ಮರದ ಮಾಲೀಕನನ್ನಾಗಿ ಮಾಡಿತು.

ಯುರೋಪಿಗೂ ಈಗ ಕಚ್ಚಾ ಮಾಲಿನ ಇಂಥದೇ ಚಿಂತೆ. ಇಟಲಿಯ ಮಾಜಿ ಪ್ರಧಾನಿ ಮಾರಿಯೋ ದ್ರಾಗಿ ಐರೋಪ್ಯ ಒಕ್ಕೂಟಕ್ಕೆ 2024ರಲ್ಲಿ ಕೊಟ್ಟ ವರದಿ, ಮುಖ್ಯ ಖನಿಜಗಳಿಗೆ ಹೊರಗಿನವರನ್ನು ನೆಚ್ಚಿ ಕೂತಿರುವುದನ್ನು ಎತ್ತಿ ತೋರಿಸಿತು. 2030ರ ಹೊತ್ತಿಗೆ ತಮಗೆ ಬೇಕಾದ ಅಂಥ ಖನಿಜಗಳಲ್ಲಿ ಶೇ. 40ರಷ್ಟನ್ನಾದರೂ ತಮ್ಮಲ್ಲೇ ಸಂಸ್ಕರಿಸಬೇಕೆಂಬ ಗುರಿಯನ್ನೂ ಅಲ್ಲಿನ ಕಾನೂನು ಇಟ್ಟಿದೆ.

ಯುದ್ಧ ಶುರುವಾದ ಎರಡೇ ವರ್ಷದಲ್ಲಿ ನಮ್ಮವರು ಎಣ್ಣೆ ತೆಗೆದರು. ಚೇಗು ಬಲಿಯಲು ಮಾತ್ರ ಹದಿನೈದು, ಇಪ್ಪತ್ತು ವರ್ಷ ಬೇಕು. ಅಷ್ಟು ಕಾಲ ಸರ್ಕಾರದ ಮಾತು ಬದಲಾಗದು ಎಂಬ ನಂಬಿಕೆ ಇದ್ದರೆ ಮಾತ್ರ ರೈತ ಸಸಿ ನೆಡುತ್ತಾನೆ. ಕೈಗಾರಿಕಾ ನೀತಿ ಮೊದಲು ಗಳಿಸಬೇಕಾದುದು ಆ ನಂಬಿಕೆಯನ್ನು.