ಸಿಡಿಲಿಗೆ ಮುನ್ನ ಒಂದು ಪ್ರತಿ



ಮಲೆನಾಡಿನ ಕಚೇರಿಗಳಲ್ಲಿ ಗಣಕಯಂತ್ರಕ್ಕೆ ಶತ್ರುಗಳು ಎರಡು: ಸಿಡಿಲು ಮತ್ತು ಉದಾಸೀನ. ಸಿಡಿಲಿನ ಆಘಾತ ವಿದ್ಯುತ್ ತಂತಿಯಲ್ಲಷ್ಟೇ ಅಲ್ಲ, ದೂರವಾಣಿ ತಂತಿಯಲ್ಲೂ ಒಳನುಗ್ಗುತ್ತದೆ. ಯುಪಿಎಸ್ ಇದ್ದರೆ ಸಾಲದು. ಮೋಡ ಕಟ್ಟುತ್ತಿದ್ದಂತೆಯೇ ಎರಡನ್ನೂ ಕಳಚಬೇಕು. ಗುಡುಗು ತೊಡಗಿದ ಮೇಲೆ ಮುಟ್ಟಬಾರದು.

ಯಂತ್ರ ಸುಟ್ಟರೆ ಇನ್ನೊಂದನ್ನು ಕೊಳ್ಳಬಹುದು. ವರ್ಷಗಟ್ಟಲೆ ಬರೆದಿಟ್ಟ ಮಳೆಲೆಕ್ಕ, ಬೀಜದ ದಾಖಲೆಗಳು ಮತ್ತೆ ದೊರೆಯಲಾರವು. ಆದ್ದರಿಂದ ವಾರಕ್ಕೊಮ್ಮೆ ಎರಡು ಪ್ರತಿ ತೆಗೆಯಬೇಕು. ಒಂದು ಬೇರೆ ಊರಿನಲ್ಲಿರಲಿ. ಪ್ರತಿಯ ಡಿಸ್ಕನ್ನು ಯಂತ್ರಕ್ಕೆ ಸಿಕ್ಕಿಸಿಯೇ ಬಿಡಬಾರದು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಕುತಂತ್ರಾಂಶವು ಪರಿಷ್ಕರಣೆ ಹಾಕದ ಯಂತ್ರಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತ್ತು.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಹಾಗೆಂದು ಹಳೆಯ ಯಂತ್ರ ಗುಜರಿಗೆ ಹೋಗಬೇಕಿಲ್ಲ. ಉಚಿತ ಲಿನಕ್ಸ್ ಹಾಕಿದರೆ ಇನ್ನೂ ಕೆಲವು ಮಳೆಗಾಲ ದುಡಿದೀತು.