ಬೀಗದ ಕೈ ಎಲ್ಲಿಡಬೇಕು?

ಮೊಬೈಲಿನಲ್ಲಿ ಬಾಡಿಗೆಯ ಕಾರನ್ನು ಕರೆಯುವಾಗ ನಿಮ್ಮ ಹೆಸರನ್ನೂ ಫೋನಿನ ಸಂಖ್ಯೆಯನ್ನೂ ಕೊಡುತ್ತೀರಷ್ಟೆ. ಅವು ಎಲ್ಲಿಗೆ ಹೋಗುತ್ತವೆಂದು ಎಂದಾದರೂ ಯೋಚಿಸಿದ್ದುಂಟೆ? ಎಲ್ಲೋ ದೂರದ ಕಂಪ್ಯೂಟರಿನ ಉಗ್ರಾಣವೊಂದನ್ನು ಹೋಗಿ ಸೇರುತ್ತವೆ. ಆ ಉಗ್ರಾಣಕ್ಕೆ ಬೀಗವುಂಟು. ಬೀಗಕ್ಕೆ ಕೈಯೂ ಉಂಟು. ಆದರೆ ಈ ಬೀಗದ ಕೈ ಹಿತ್ತಾಳೆಯದಲ್ಲ, ಕಬ್ಬಿಣದ್ದಲ್ಲ. ಅರ್ಥವಿಲ್ಲದ ಅಕ್ಷರಗಳ ಒಂದು ಸಾಲು. ಅಮೆಜಾನ್ ಕಂಪನಿಯ ಉಗ್ರಾಣದ ರಹಸ್ಯ ಕೀಲಿ ೪೦ ಅಕ್ಷರಗಳದು. ಜೊತೆಗೊಂದು ಗುರುತಿನ ಸಂಖ್ಯೆ. ಇವೆರಡನ್ನೂ ನೋಡಿ ಬರೆದುಕೊಂಡವನು ಯಾರೇ ಆಗಲಿ, ಬಾಗಿಲು ತೆರೆಯುತ್ತದೆ. ಬಾಗಿಲಿಗೆ ಮುಖದ ಗುರುತಿಲ್ಲ.

೨೦೧೬ರಲ್ಲಿ ಅಮೆರಿಕದ ಊಬರ್ ಕಂಪನಿಗೆ ಆದದ್ದು ಇದೇ. ಅಲ್ಲಿನ ಎಂಜಿನಿಯರುಗಳು ಪ್ರೋಗ್ರಾಮುಗಳನ್ನು ಬರೆದು ಗಿಟ್‌ಹಬ್ ಎಂಬ ಜಾಗದಲ್ಲಿ, ತಮ್ಮವರು ಮಾತ್ರ ನೋಡಬಹುದಾದ ಕಡತಗಳಲ್ಲಿ ಇಡುತ್ತಿದ್ದರು. ಬೇರೆಲ್ಲಿಯೋ ಸೋರಿಹೋಗಿದ್ದ ಗುಪ್ತಪದಗಳನ್ನು ಪ್ರಯೋಗಿಸಿ ಕಳ್ಳರು ಆ ಕಡತಗಳೊಳಗೆ ಹೊಕ್ಕರು. ಉಗ್ರಾಣದ ಬೀಗದ ಕೈ ಅಲ್ಲೇ, ಪ್ರೋಗ್ರಾಮಿನ ಸಾಲುಗಳ ನಡುವೆ ಇತ್ತು. ೫ ಕೋಟಿ ೭೦ ಲಕ್ಷ ಜನರ ವಿವರಗಳು ಹೋದವು. ಅವುಗಳಲ್ಲಿ ಸುಮಾರು ೬ ಲಕ್ಷ ಚಾಲಕರ ಲೈಸೆನ್ಸ್ ಸಂಖ್ಯೆಗಳೂ ಇದ್ದವು. ಕಂಪನಿಯು ಕಳ್ಳರಿಗೆ ಒಂದು ಲಕ್ಷ ಡಾಲರ್ ಕೊಟ್ಟು ಸುಮ್ಮನಾಯಿತು. ವಿಷಯ ಹೊರಬಿದ್ದದ್ದು ೨೦೧೭ರ ನವೆಂಬರಿನಲ್ಲಿ. ಮರುವರ್ಷ ಅಮೆರಿಕದ ರಾಜ್ಯಗಳಿಗೆ ಅದು ತೆರಲು ಒಪ್ಪಿದ ದಂಡ ೧೪ ಕೋಟಿ ೮೦ ಲಕ್ಷ ಡಾಲರ್. ಇದಕ್ಕೂ ಮುಂಚೆ, ೨೦೧೪ರಲ್ಲಿಯೇ, ಎಲ್ಲರಿಗೂ ಕಾಣುವ ಪುಟದಲ್ಲಿ ಬಿದ್ದಿದ್ದ ಒಂದು ಕೀಲಿಯಿಂದ ಇದೇ ಕಂಪನಿಯ ಚಾಲಕರ ವಿವರಗಳು ಹೋಗಿದ್ದವು. ಒಮ್ಮೆ ಎಡವಿದ ಕಲ್ಲನ್ನೇ ಮತ್ತೆ ಎಡವಿದರೆ ಏನೆನ್ನೋಣ!

ಬುದ್ಧಿವಂತರೇ ಹೀಗೇಕೆ ಮಾಡುತ್ತಾರೆಂದು ನೀವು ಕೇಳಬಹುದು. ಅವಸರ, ಮತ್ತೇನಿಲ್ಲ. ಪ್ರೋಗ್ರಾಮ್ ಎಂಬುದು ಅಡಿಗೆಯ ಪುಸ್ತಕದಂತೆ; ಹತ್ತಾರು ಅಡಿಗೆಯವರು ಅದನ್ನು ನಕಲು ಮಾಡಿಕೊಳ್ಳುತ್ತಾರೆ. ದೊಡ್ಡ ಮನೆಗಳಲ್ಲಿ ಯಜಮಾನಿತಿ ಬೀಗದ ಕೈಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದರೇ ಹೊರತು ಅಡಿಗೆಯ ಪುಸ್ತಕದ ಹಾಳೆಗೆ ಅಂಟಿಸಿಡುತ್ತಿರಲಿಲ್ಲ. ಪುಸ್ತಕ ಬೇರೆ, ಬೀಗದ ಕೈ ಬೇರೆ.

ಹಾಗೆ ಬೇರೆ ಇಡುವುದಕ್ಕೆ ಹಳೆಯ ಉಪಾಯವೊಂದುಂಟು. ೧೯೭೯ರ ಯುನಿಕ್ಸ್ ಏಳನೆಯ ಆವೃತ್ತಿಯಲ್ಲಿ ಬಂದ ಎನ್ವಿರಾನ್ಮೆಂಟ್ ವೇರಿಯಬಲ್ ಎಂಬುದು ಅದು. ಪ್ರೋಗ್ರಾಮ್ ಓಡಲು ಹೊರಟಾಗ ಯಂತ್ರವು ಅದರ ಕೈಗೆ ಕೆಲವು ಚೀಟಿಗಳನ್ನು ಕೊಡುತ್ತದೆ. ಕೀಲಿಯನ್ನು ಪುಸ್ತಕದಲ್ಲಿ ಬರೆಯದೆ ಇಂಥ ಚೀಟಿಯಲ್ಲಿ ಬರೆದರೆ ಪುಸ್ತಕ ಯಾರ ಕೈಗೆ ಸಿಕ್ಕಿದರೂ ಕೀಲಿ ಸಿಕ್ಕದು. ಹೆರೋಕು ಕಂಪನಿಯ ಆಡಂ ವಿಗಿನ್ಸ್ ೨೦೧೧ರಲ್ಲಿ ಬರೆದ ಹನ್ನೆರಡು ಸೂತ್ರಗಳಲ್ಲಿ ಇದೂ ಒಂದು. ಆತನ ಪರೀಕ್ಷೆ ಸೊಗಸಾಗಿದೆ: ನಿಮ್ಮ ಪ್ರೋಗ್ರಾಮನ್ನು ಈ ಗಳಿಗೆಯಲ್ಲಿಯೇ ಲೋಕಕ್ಕೆಲ್ಲ ತೆರೆದಿಟ್ಟರೆ ಯಾವ ಗುಟ್ಟಾದರೂ ಹೊರಬೀಳುತ್ತದೆಯೆ?

ಎಂಜಿನಿಯರುಗಳು ಈ ಚೀಟಿಗಳನ್ನು ತಮ್ಮ ಯಂತ್ರದಲ್ಲಿ ಡಾಟ್ ಎನ್ವ್ ಎಂಬ ಸಣ್ಣ ಕಡತದಲ್ಲಿ ಇಟ್ಟುಕೊಳ್ಳುವುದುಂಟು. ಅದನ್ನು ಗಿಟ್ ತನ್ನ ದಫ್ತರಕ್ಕೆ ಸೇರಿಸಿಕೊಳ್ಳದಂತೆ ಮೊದಲೇ ತಾಕೀತು ಮಾಡಿರಬೇಕು. ಮರೆತು ಸೇರಿಸಿದರೆ? ಮರುದಿನ ಅಳಿಸಿದರಾಯಿತು ಎಂದು ಹಲವರು ಭಾವಿಸುತ್ತಾರೆ. ಗಿಟ್ ಶಾಲೆಯ ಹುಡುಗನ ಸ್ಲೇಟಲ್ಲ, ಶ್ಯಾನುಭೋಗರ ದಫ್ತರ. ನಿನ್ನೆಯ ಹಾಳೆ ನಾಳೆಯೂ ಅಲ್ಲಿರುತ್ತದೆ. ಆಗ ಮಾಡಬೇಕಾದ ಮೊದಲ ಕೆಲಸ ಬೀಗವನ್ನೇ ಬದಲಾಯಿಸುವುದು. ಹಾಳೆ ಹರಿಯುವ ಮಾತು ಆಮೇಲೆ. ಜಪಾನಿನ ಟೊಯೋಟಾ ಕಂಪನಿಯ ಗುತ್ತಿಗೆದಾರರೊಬ್ಬರು ೨೦೧೭ರ ಡಿಸೆಂಬರಿನಲ್ಲಿ ಕೀಲಿಯಿದ್ದ ಪ್ರೋಗ್ರಾಮನ್ನು ಬಯಲಿನಲ್ಲಿಟ್ಟರು. ಅದು ಕಣ್ಣಿಗೆ ಬಿದ್ದದ್ದು ೨೦೨೨ರ ಸೆಪ್ಟೆಂಬರಿನಲ್ಲಿ! ೨,೯೬,೦೧೯ ಗ್ರಾಹಕರ ಇ-ಮೇಲ್ ವಿಳಾಸಗಳು ಅಷ್ಟು ಕಾಲವೂ ತೆರೆದ ಬಾಗಿಲಿನ ಹಿಂದೆ ಇದ್ದವು.

ಚೀಟಿಯ ಉಪಾಯವೂ ಪೂರ್ಣ ಕ್ಷೇಮವಲ್ಲ. ಒಂದು ಪ್ರೋಗ್ರಾಮ್ ಮತ್ತೊಂದನ್ನು ಹುಟ್ಟಿಸಿದಾಗ, ಬೇಡವೆಂದು ಹೇಳದಿದ್ದರೆ, ತನ್ನ ಚೀಟಿಗಳನ್ನೆಲ್ಲ ಅದಕ್ಕೂ ಕೊಟ್ಟುಬಿಡುತ್ತದೆ. ಪ್ರೋಗ್ರಾಮ್ ಕೆಟ್ಟು ನಿಂತಾಗ ದುರಸ್ತಿಗೆಂದು ಬರೆದಿಡುವ ವರದಿಯಲ್ಲಿ ಚೀಟಿಗಳೆಲ್ಲ ಅಚ್ಚಾಗಿಬಿಡುವುದೂ ಉಂಟು. ಇನ್ನು ನಿಮ್ಮ ಬ್ರೌಸರಿಗೆ ಬರುವ ಪ್ರೋಗ್ರಾಮಿನೊಳಗೆ ಸೇರಿದ ಚೀಟಿಯಂತೂ ಗುಟ್ಟೇ ಅಲ್ಲ, ನೋಡಬಲ್ಲವರಿಗೆಲ್ಲ ಕಾಣುತ್ತದೆ.

ಆದ್ದರಿಂದ ದೊಡ್ಡ ಸಂಸ್ಥೆಗಳು ಈಗ ಗುಟ್ಟುಗಳಿಗೆಂದೇ ಪ್ರತ್ಯೇಕ ತಿಜೋರಿ ಇಡುತ್ತವೆ. ಹಾಷಿಕಾರ್ಪ್ ಕಂಪನಿಯ ವಾಲ್ಟ್ ೨೦೧೫ರಲ್ಲಿ ಬಂತು, ಅಮೆಜಾನಿನದು ೨೦೧೮ರಲ್ಲಿ. ಯಾರು, ಯಾವಾಗ, ಯಾವ ಕೀಲಿ ಕೇಳಿದರೆಂಬ ಲೆಕ್ಕ ಅಲ್ಲಿರುತ್ತದೆ. ಕೆಲವು ಕೀಲಿಗಳನ್ನು ಗಂಟೆಯ ಮಟ್ಟಿಗೆ ಮಾತ್ರ ಹುಟ್ಟಿಸಿ ಕೊಡುವುದೂ ಸಾಧ್ಯ. ಕದ್ದವನ ಕೈಯಲ್ಲಿ ಅದು ಸಂಜೆಯ ಹೊತ್ತಿಗೆ ಬರಿಯ ಅಕ್ಷರದ ಸಾಲು. ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಇದು. ಆದರೆ ಮೂರು ಜನರ ಸಣ್ಣ ಅಂಗಡಿಗೆ ಇಷ್ಟು ದೊಡ್ಡ ತಿಜೋರಿ ಬೇಕೆಂದೇನೂ ಇಲ್ಲ. ಅಭ್ಯಾಸದ ಕೆಲಸಕ್ಕೊಂದು ಕೀಲಿ, ನಿಜವಾದ ಉಗ್ರಾಣಕ್ಕೆ ಬೇರೊಂದು, ಒಬ್ಬೊಬ್ಬರಿಗೆ ಅವರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ, ಒಬ್ಬರು ಕೆಲಸ ಬಿಟ್ಟುಹೋದಾಗ ಅವರ ಕೈಯಲ್ಲಿದ್ದ ಕೀಲಿಯ ಬದಲಾವಣೆ – ಇಷ್ಟಾದರೂ ಇರಬೇಕು.

೨೦೨೪ರಲ್ಲಿ ಗಿಟ್‌ಹಬ್ ತನ್ನ ಸಾರ್ವಜನಿಕ ಕಡತಗಳ ಬಾಗಿಲಿನಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸಿತು. ಪ್ರೋಗ್ರಾಮಿನಲ್ಲಿ ಕೀಲಿಯಂಥದ್ದು ಕಂಡರೆ ಒಳಗೆ ಬಿಡದೆ ಅಲ್ಲಿಯೇ ತಡೆದು ಎಚ್ಚರಿಸುತ್ತಾನೆ. ಹೆಸರಾಂತ ಕಂಪನಿಗಳ ಕೀಲಿಗಳಿಗೆ ಒಂದು ಗೊತ್ತಾದ ಆಕಾರವಿರುವುದರಿಂದ ಅವನಿಗೆ ಅವು ಸುಲಭವಾಗಿ ತಿಳಿಯುತ್ತವೆ. ಯಾರೋ ತಮ್ಮ ಊರಿನ ಹೆಸರನ್ನೇ ಗುಪ್ತಪದವಾಗಿಸಿ ಬರೆದಿಟ್ಟಿದ್ದರೆ ಅವನಿಗೆ ಅದರ ಗುರುತು ಹತ್ತುವುದು ಕಷ್ಟ.