ಸವೆದ ಗ್ಯಾಸ್ಕೆಟ್, ಕಾಣದ ಅನಿಲ



ರಾಜಾಜಿನಗರದ ನಮ್ಮ ಮನೆಯಲ್ಲಿ ಹಳೆಯ ಮಾರುತಿ 800 ಇದೆ. ಒಮ್ಮೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ 'ಟಿಕ್ ಟಿಕ್' ಸದ್ದು ಬಂತು. ಎಂಜಿನ್ ಕಾದಂತೆ ಅಡಗಿತು. ನಾನು ಉದಾಸೀನ ಮಾಡಿದೆ. ಕೆಂಗೇರಿಯ ದಾರಿಯಲ್ಲಿ ಮಗಳು "ಅಪ್ಪಾ, ತಲೆನೋವು" ಎಂದಳು. ಬಾನೆಟ್ ತೆರೆದರೆ, ಸಿಲಿಂಡರ್ ಹೆಡ್ಡಿಗೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೂಡುವಲ್ಲಿ ಮಸಿಯ ಗೆರೆ! ನಡುವಿನ ಗ್ಯಾಸ್ಕೆಟ್ ಸವೆದಿತ್ತು.

ಅಲ್ಲಿಂದ ಸೋರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆನೋವು ಮೊದಲ ಎಚ್ಚರಿಕೆ.

ಜೆ.ಸಿ. ರಸ್ತೆಯಿಂದ ಹೊಸ ಗ್ಯಾಸ್ಕೆಟ್ ತಂದೆ. ಎಂಜಿನ್ ಪೂರ್ತಿ ತಣಿದ ಮೇಲೆ ಬ್ಯಾಟರಿಯ ತಂತಿ ಬಿಚ್ಚಿದೆ. ತುಕ್ಕು ಹಿಡಿದ ನಟ್ಟುಗಳಿಗೆ ತುಕ್ಕು ಸಡಿಲಿಸುವ ಎಣ್ಣೆ ಹಾಕಿ ಕಾದೆ. ಅವಸರಪಟ್ಟರೆ ಸ್ಟಡ್ ಮುರಿಯುತ್ತದೆ. ಹಳೆಯ ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು ಇರಬಹುದು, ಒಣಗಿದ್ದಾಗ ಕೆರೆಯಬಾರದು. ಒದ್ದೆ ಮಾಡಿ, ಅಲ್ಯೂಮಿನಿಯಂ ಹೆಡ್ಡಿಗೆ ಗೀರು ಬೀಳದಂತೆ ತೆಗೆದೆ. ಒಮ್ಮೆ ಅದುಮಿದ ಗ್ಯಾಸ್ಕೆಟ್ ಮತ್ತೆ ಸರಿಯಾಗಿ ಕೂರುವುದಿಲ್ಲ, ಹೊಸದನ್ನೇ ಹಾಕಬೇಕು. ನಟ್ಟುಗಳನ್ನು ನಡುವಿನಿಂದ ಅಂಚಿನ ಕಡೆಗೆ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. ಆಗ ಒತ್ತಡ ಎಲ್ಲೆಡೆ ಸಮನಾಗಿ ಬೀಳುತ್ತದೆ. ಎಷ್ಟು ಬಿಗಿಯಬೇಕೆಂಬುದು ಕಾರಿನ ಕೈಪಿಡಿಯಲ್ಲಿರುತ್ತದೆ.

ಕೊನೆಗೆ ಬಯಲಿನಲ್ಲಿ ಸ್ಟಾರ್ಟ್ ಮಾಡಿದೆ. ಸದ್ದಿಲ್ಲ.

ಮಿತ್ರರೇ, ಈ ಕೆಲಸವನ್ನು ಬಲ್ಲವರ ಜೊತೆಗೇ ಕಲಿಯಿರಿ. ಮುಚ್ಚಿದ ಶೆಡ್ಡಿನಲ್ಲಿ ಎಂದೂ ಎಂಜಿನ್ ಓಡಿಸಬೇಡಿ. ಸಣ್ಣ ಸದ್ದನ್ನು ಕಡೆಗಣಿಸಬೇಡಿ. ನಾನು ಕಡೆಗಣಿಸಿದೆ; ತಲೆನೋವು ಬಂದದ್ದು ಮಗಳಿಗೆ.